ಹೋಗಿ ಬರ್ತೀನಿ ಅಂದಿದ್ದಕ್ಕೆ

ಅಮೆರಿಕದ ಸ್ಯಾನ್ ಮಟಿಯೋದಲ್ಲಿ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದಾಗ ನನ್ನ ಬೆರಳುಗಳ ನಡುವೆ ಬಿಚ್ಚಿದ ಪಿನ್ನೊಂದಿತ್ತು. ಯಾಕೆಂದು ಮೈಸೂರಿನ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋದ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಹಿಂದಿನಿಂದ ಯಾವನಾದರೂ ಮೈಮೇಲೆ ಒರಗಿದರೆ ಚುಚ್ಚುವುದು, ಏನೂ ಆಗದವಳಂತೆ ಕಿಟಕಿಯಾಚೆ ನೋಡುವುದು. ಆದರೆ ಈ ಬಸ್ಸಿನಲ್ಲಿ ಚುಚ್ಚುವಷ್ಟು ಹತ್ತಿರ ಯಾರೂ ಇರಲಿಲ್ಲ. ನಾಲ್ಕೈದು ಜನ, ಒಬ್ಬೊಬ್ಬರಿಗೂ ಒಂದೊಂದು ಸೀಟು. ಡ್ರೈವರು ಬೇರೆ ನಗುತ್ತಾ ಗುಡ್ ಮಾರ್ನಿಂಗ್ ಎಂದ. ತಿರುವಿನಲ್ಲಿ ಬಸ್ಸು ವಾಲಿದಾಗ ಪಿನ್ನು ನನ್ನ ಹೆಬ್ಬೆರಳಿಗೇ ಚುಚ್ಚಿತು.

ಊರಿನವರು ಕೇಳುವುದು ಒಂದೇ, ಅಲ್ಲಿ ಹೆಂಗಸರು ಧೈರ್ಯವಾಗಿ ಓಡಾಡಬಹುದಂತಲ್ಲ ಎಂದು. ಹೌದು, ಬಸ್ಸಿನಲ್ಲಿ ಮೈಮುಟ್ಟುವವರಿಲ್ಲ, ಸಿಳ್ಳೆ ಹಾಕುವವರಿಲ್ಲ. ಆದರೆ ಬಸ್ಸಿಳಿದ ಮೇಲೆ ಮನೆಯವರೆಗೆ ಮನುಷ್ಯರೂ ಇಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ದರ್ಜಿ, ಹೂವಿನವಳು, ಜಗಲಿಯ ಮೇಲಿನ ಅಜ್ಜ ಎಲ್ಲರೂ "ಯಾಕಮ್ಮಾ ಇಷ್ಟು ಹೊತ್ತಾಯ್ತು?" ಎಂದು ತಲೆ ತಿನ್ನುತ್ತಿದ್ದರು. ನನಗೆ ಎಂಥಾ ಸಿಟ್ಟು ಬರುತ್ತಿತ್ತು! ಇಲ್ಲಿ ಅಚ್ಚುಕಟ್ಟಾದ ಹುಲ್ಲು, ಮುಚ್ಚಿದ ಬಾಗಿಲು, ನಿಂತ ಕಾರುಗಳು. ಕೂಗಿಕೊಂಡರೆ ಯಾರು ಬರುತ್ತಾರೆ ಎಂದು ಲೆಕ್ಕ ಹಾಕುತ್ತಾ ನಡೆಯುತ್ತಿದ್ದೆ. ಯಾರ ಮುಖವೂ ನೆನಪಾಗುತ್ತಿರಲಿಲ್ಲ.

ಇದ್ದ ಒಂದು ಕಾರನ್ನು ನಮ್ಮ ಯಜಮಾನರು ಸ್ಯಾನ್ ಹೊಸೆಯ ಆಫೀಸಿಗೆ ಒಯ್ಯುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಕೇಳುತ್ತಾ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹಟ ಹಿಡಿದು ಡೇಕೇರೊಂದರಲ್ಲಿ ಕೆಲಸ ಗಿಟ್ಟಿಸಿದೆ. ಡೇಕೇರೆಂದರೆ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಜಾಗ. ಅಲ್ಲಿ ಮಕ್ಕಳು ನನ್ನ ಬಳೆ ಎಣಿಸುತ್ತಿದ್ದವು, ನನ್ನ ಇಂಗ್ಲಿಷನ್ನು ತಿದ್ದುತ್ತಿದ್ದವು. ಆ ಕೆಲಸ ನನ್ನ ಉಸಿರಾಗಿತ್ತು.

ಬಸ್‌ಸ್ಟಾಪಿನ ಬೆಂಚಿನಲ್ಲಿ ಬೆಳಿಗ್ಗೆ ಒಬ್ಬ ಕೂತಿರುತ್ತಿದ್ದ. ಐವತ್ತರ ಆಸುಪಾಸು, ಕೆಂಪು ಟೋಪಿ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ. ಹಣೆಯ ಬೊಟ್ಟು ಯಾಕೆ, ಯಾವ ದೇಶ, ಮನೆ ಹತ್ತಿರವೇ ಎಂದೆಲ್ಲ ಕೇಳುತ್ತಿದ್ದ. ದೊಡ್ಡವರು ಮಾತಾಡಿಸಿದರೆ ಮುಖ ತಿರುಗಿಸಬಾರದೆಂದು ಬೆಳೆದವಳು ನಾನು. ಹೂಂ ಉಹೂಂ ಎನ್ನುತ್ತಿದ್ದೆ. ಒಂದು ದಿನ ಬಸ್ಸು ಬಂದಾಗ ಸುಮ್ಮನೆ ಎದ್ದುಹೋಗಲು ಸಂಕೋಚವಾಯಿತು. ನಾವು ಯಾರೂ ಹೋಗುತ್ತೇನೆ ಎನ್ನುವುದಿಲ್ಲವಲ್ಲ, ಅದು ಅಪಶಕುನ. ನಾಲಿಗೆ ತಾನಾಗಿಯೇ "ಐ ವಿಲ್ ಗೋ ಅಂಡ್ ಕಮ್" ಎಂದಿತು.

"ಓಕೆ, ಐ ವಿಲ್ ಬಿ ಹಿಯರ್" ಎಂದ ಅವನು.

ನನಗೆ ಅದು ಹೋಗಿ ಬನ್ನಿ ಅಂದ ಹಾಗೇ ಕೇಳಿಸಿತು. ಪರವಾಗಿಲ್ಲ, ಮರ್ಯಾದಸ್ಥ ಅಂದುಕೊಂಡೆ.

ಚಳಿಗಾಲ ಬಂದಿತ್ತು. ಇಲ್ಲಿ ಆಗ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಕೆಲಸ ಬಿಡುವಷ್ಟರಲ್ಲಿ ಕತ್ತಲು. ಅದೇ ದಿನ ಸಂಜೆ ಬಸ್ಸಿಳಿದೆ. ಬೆಂಚಿನಿಂದ ಕೆಂಪು ಟೋಪಿ ಎದ್ದಿತು.

"ಬಂದೆಯಲ್ಲ, ಕಾಯ್ತಾ ಇದ್ದೆ" ಎಂದ ಇಂಗ್ಲಿಷಿನಲ್ಲಿ. ಕೈಯಲ್ಲಿ ಎರಡು ಕಾಗದದ ಲೋಟ ಕಾಫಿ.

ಲೋಟ ಮುಟ್ಟದೆ ಬಿರಬಿರನೆ ನಡೆದೆ. ಹಿಂದೆ ಅವನ ಬೂಟಿನ ಸದ್ದು. ನಾನು ನಿಧಾನಿಸಿದರೆ ಅದೂ ನಿಧಾನ, ಜೋರಾದರೆ ಅದೂ ಜೋರು. ನಮ್ಮ ಬೀದಿಯ ತಿರುವು ಬಂತು, ತಿರುಗಲಿಲ್ಲ. ಮನೆ ಅವನಿಗೆ ಗೊತ್ತಾಗಬಾರದು. ಪಿನ್ನಿಗಾಗಿ ಸೆರಗು ತಡಕಿದೆ. ಸೀರೆಯೆಲ್ಲಿ, ಮೈಮೇಲೆ ಪ್ಯಾಂಟು, ದಪ್ಪ ಕೋಟು. ದೀಪವಿದ್ದ ಗ್ರೋಸರಿ ಅಂಗಡಿಯೊಳಗೆ ನುಗ್ಗಿಬಿಟ್ಟೆ.

ಕೌಂಟರಿನಲ್ಲಿದ್ದ ಹೆಂಗಸು, ಸರಪಳಿಗೆ ಕನ್ನಡಕ ನೇತುಹಾಕಿಕೊಂಡ ಗಟ್ಟಿಗಿತ್ತಿ, ನನ್ನ ಮುಖ ನೋಡಿದವಳೇ ಫೋನು ಮುಂದೆ ತಳ್ಳಿದಳು. "ರೀ, ಬೇಗ ಬನ್ರಿ, ಯಾರೋ ಹಿಂದೆ ಬರ್ತಿದಾನೆ" ಎಂದೆ ಯಜಮಾನರಿಗೆ. "ಅಂಗಡಿ ಬಿಟ್ಟು ಅಲ್ಲಾಡ್ಬೇಡ, ಹೊರಟೆ" ಎಂದರು. ಆ ಹೊತ್ತಿನಲ್ಲಿ ಫ್ರೀವೇ ಎಂಬ ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತವೆ. ಗಾಜಿನಾಚೆ ಅವನು ನಿಂತೇ ಇದ್ದ. ಕೊನೆಗೆ ಒಳಗೇ ಬಂದ.

"ಹೋಗಿ ಬರ್ತೀನಿ ಅಂತ ಇವಳೇ ಹೇಳಿದ್ದು" ಎಂದ ಆ ಹೆಂಗಸಿಗೆ.

ಅವಳು ನನ್ನ ಕಡೆ ತಿರುಗಿದಳು. "ಹೇಳಿದ್ಯೇನಮ್ಮ?"

ಹೇಳಿದ್ದೆ. ಅದು ನಮ್ಮ ಮಾತು, ಅದರ ಅರ್ಥ ಅದಲ್ಲ ಎಂದು ತೊದಲಿದೆ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

"ಅರ್ಥ ಏನಾದ್ರೂ ಇರಲಿ. ಇವಳು ನಿನ್ನ ಜೊತೆ ಬರಲ್ಲ. ನಡಿ" ಎಂದಳು ಅವನಿಗೆ. ಅವನು ಒಂದು ಲೋಟವನ್ನು ಕೌಂಟರಿನ ಮೇಲಿಟ್ಟು ಹೋದ. ಕೆಟ್ಟವನೋ, ಬರೀ ಒಂಟಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಸಂಜೆ ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಯಜಮಾನರು ಬಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಆಮೇಲೆ, "ನಾಳೆಯಿಂದ ಡೇಕೇರು ಬೇಡ ಸುಮಾ. ಕಾರು ಕಲಿತ್ಮೇಲೆ ನೋಡೋಣ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಫ್ರಿಜ್ಜಿನ ಸದ್ದು ಕಿವಿಗೆ ಬಡಿಯಿತು.

"ನಾಳೆ ಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಹೋಗಲ್ಲರೀ ನಾನು" ಎಂದೆ.

ಬೆಳಿಗ್ಗೆ ಅವರು ಆಫೀಸಿಗೆ ತಡವಾದರೂ ಎದುರು ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಕೂತರು. ಬೆಂಚಿನಲ್ಲಿ ಅವನಿದ್ದ. "ನನ್ನ ಜೊತೆ ಮಾತಾಡಬೇಡಿ, ನನ್ನ ಹಿಂದೆ ಬರಬೇಡಿ" ಎಂದು ರಾತ್ರಿಯೆಲ್ಲ ಉರು ಹೊಡೆದ ಇಂಗ್ಲಿಷನ್ನು ಒಂದೇ ಉಸಿರಿಗೆ ಹೇಳಿದೆ. ಅವನು ಟೋಪಿ ಕೆಳಗೆಳೆದುಕೊಂಡ. ಬಸ್ಸು ಬಂತು. "ಐ ಆಮ್ ಗೋಯಿಂಗ್" ಎಂದೆ. ನನ್ನ ಬಾಯಿಂದ ಹಾಗೆ ಅಷ್ಟನ್ನೇ ಹೇಳಿದ್ದು ಅದೇ ಮೊದಲು. ಸೀಟಿನಲ್ಲಿ ಕೂತ ಮೇಲೆ ಅಳು ಬಂತು, ಗೆದ್ದೆ ಅನ್ನುವ ಸಂತೋಷವೂ ಆಯಿತು. ಅವನನ್ನು ಆ ಬೆಂಚಿನಲ್ಲಿ ಮತ್ತೆ ನೋಡಲಿಲ್ಲ.

ಆಮೇಲೆ ಬರೀ ಹೋಗ್ತೀನಿ ಅನ್ನುವುದೇ ರೂಢಿಯಾಯಿತು. ಡೇಕೇರಿನಲ್ಲಿ, ಅಂಗಡಿಯಲ್ಲಿ, ಕೊನೆಗೆ ಮನೆಯಲ್ಲಿಯೂ.

ಹೋದ ಸಲ ಮೈಸೂರಿಗೆ ಹೋದಾಗ ಸಿಟಿ ಬಸ್ಸಿನಲ್ಲಿ ಒಬ್ಬ ಒರಗಿದ. ನನ್ನ ಹತ್ತಿರ ಪಿನ್ನಿರಲಿಲ್ಲ. ಹಿಂದಿದ್ದ ಹೆಂಗಸೊಬ್ಬಳು "ಏಯ್, ನೆಟ್ಟಗೆ ನಿಂತ್ಕೊಳಯ್ಯಾ" ಎಂದು ಗದರಿದಳು, ಇಡೀ ಬಸ್ಸು ತಿರುಗಿ ನೋಡಿತು. ಮೈಮುಟ್ಟಿದ್ದಕ್ಕೆ ಅಸಹ್ಯವಾಯಿತು, ಆ ದನಿ ಕೇಳಿ ಹೊಟ್ಟೆ ತಣ್ಣಗಾಯಿತು. ಇಂಥ ದನಿಯಿರುವ ಊರು, ಅಂಥ ಕೈಗಳಿಲ್ಲದ ಊರು, ಎರಡೂ ಒಂದೇ ಕಡೆ ನನಗೆ ಸಿಕ್ಕಿಲ್ಲ.

ಹೊರಡುವ ದಿನ ಆಟೋ ಬಂತು. ಅಣ್ಣ ಪೆಟ್ಟಿಗೆ ಇಟ್ಟ. ಗೇಟಿನ ಹತ್ತಿರ ಅಮ್ಮನ ಕಾಲು ಮುಟ್ಟಿ ಎದ್ದು, "ಹೋಗ್ತೀನಮ್ಮಾ" ಎಂದುಬಿಟ್ಟೆ.

ಅಮ್ಮನ ಮುಖ ಕಪ್ಪಿಟ್ಟಿತು. "ಹಾಗನ್ಬಾರ್ದು ಕಣೇ. ಬರ್ತೀನಿ ಅನ್ನು."

"ಬರ್ತೀನಮ್ಮಾ" ಎಂದೆ.

"ಹೂಂ, ಹೋಗ್ಬಾ. ನಾನು ಇಲ್ಲೇ ಇರ್ತೀನಿ."

ಆಟೋ ತಿರುಗಿದಾಗ ನೋಡಿದೆ. ಎಲ್ಲರೂ ಒಳಗೆ ಹೋಗಿದ್ದರು. ಅಮ್ಮ ಒಬ್ಬಳೇ ಗೇಟು ಹಿಡಿದು ನಿಂತಿದ್ದಳು, ನಾನು ಅಂದಿದ್ದನ್ನು ನಂಬಿಕೊಂಡು, ಆ ಕೆಂಪು ಟೋಪಿಯವನ ಹಾಗೆ.