ಸೋಪಿನ ವಾಸನೆಯ ಮೀನು ಮಸಾಲೆ

ಆ ಪ್ಯಾಕೆಟ್ ಉಳಿದವುಗಳಿಗಿಂತ ಅರ್ಧ ಬೆರಳು ಗಿಡ್ಡವಾಗಿತ್ತು. ಹೊಸದೊಂದರ ಪಕ್ಕದಲ್ಲಿಟ್ಟು ಎರಡು ಸಲ ಅಳೆದೆ. ಅದನ್ನು ತಂದಿದ್ದ ಬೈಂದೂರಿನ ಅಂಗಡಿಯವರು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು.

“ಕಾಣಿ ಮಾರಾಯ್ರೆ, ನಿಮ್ ಮೀನ್ ಮಸಾಲೆ ಸೋಪಿನ್ ವಾಸ್ನೆ ಬತ್ತಾ ಇತ್ತ್. ಮೀನಿಗ್ ಹಾಕುದಾ, ಬಟ್ಟಿ ಒಗೂದಾ?”

ಬ್ರಹ್ಮಾವರದ ಮಸಾಲೆ ಪುಡಿ ಕಂಪನಿಯೊಂದರ ಕಚೇರಿಯಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಸರಕು ಮಾರುವವರೇ ಆ ಪ್ಲಾಸ್ಟಿಕ್ಕಿನ ವಿಲೇವಾರಿಗೂ ಹೊಣೆ ಎಂಬ ನಿಯಮ ನಮಗೂ ಅನ್ವಯಿಸುತ್ತಿತ್ತು. ಸರಕಾರದ ಜಾಲತಾಣದಲ್ಲಿ ಕಂಪನಿಯನ್ನು ನೋಂದಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಇಡೀ ನಿಯಮ ಓದಿ ಧಣಿಗಳಿಗೆ ಹೇಳಿದೆ: ನಮ್ಮದೇ ಪ್ಯಾಕೆಟ್ ಆಗಬೇಕೆಂದಿಲ್ಲ, ಅದೇ ಬಗೆಯ ಯಾರದೇ ಪ್ಲಾಸ್ಟಿಕ್ ಮರುಬಳಕೆಯಾದರೂ ಸಾಕು, ನೋಂದಾಯಿತ ಘಟಕದ ಪ್ರಮಾಣಪತ್ರ ಪಡೆದರಾಯಿತು.

“ಬೇರೆಯವ್ರ್ ಕಸಕ್ಕೆ ನಾನ್ ಎಂತಕ್ ಜವಾಬ್ದಾರಿ?” ಎಂದರು ಧಣಿಗಳು. “ನಮ್ ಕಸ ನಮ್ಗೇ ಬೇಕ್.”

ಎರಡನೇ ಸಲ ಹೇಳುವುದು ನನ್ನ ಸ್ವಭಾವವಲ್ಲ. ಹೇಳಲಿಲ್ಲ.

ಹತ್ತು ಖಾಲಿ ಪ್ಯಾಕೆಟ್ ತಂದವರಿಗೆ ಒಂದು ತುಂಬಿದ ಪ್ಯಾಕೆಟ್ ಎಂದು ಅಂಗಡಿಗಳಲ್ಲಿ ಬೋರ್ಡು ಬಿತ್ತು. ಕಸ ಬರುತ್ತದೆಂದು ಮೂಗಿಗೆ ಕಟ್ಟಿಕೊಳ್ಳಲು ಧಣಿಗಳು ಟವೆಲು ತರಿಸಿದ್ದರು. ಬಂದದ್ದು ಕಸವಲ್ಲ. ನಮ್ಮ ಕಡೆಯ ಹೆಂಗಸರು ಪ್ಲಾಸ್ಟಿಕ್ ಕವರು ಎಸೆಯುವುದಿಲ್ಲ; ತೊಳೆದು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಮಡಚಿ ಇಡುತ್ತಾರೆ. ಇನ್ನೊಬ್ಬರ ಕೈಗೆ ಕೊಡುವುದೆಂದ ಮೇಲೆ ಎರಡೆರಡು ಸಲ ತೊಳೆದಿದ್ದರು. ಕೊಕ್ಕರ್ಣೆಯಿಂದ ಕಚೇರಿಗೇ ಬಂದವರೊಬ್ಬರು ಹೊಸ ಪ್ಯಾಕೆಟನ್ನು ನನ್ನೆದುರೇ ಡಬ್ಬಿಗೆ ಸುರಿದು, ಖಾಲಿಯಾದದ್ದನ್ನು ಮುಂದಿನ ಹತ್ತರ ಲೆಕ್ಕಕ್ಕೆ ಚೀಲಕ್ಕೆ ಸೇರಿಸಿದರು. ಇನ್ನೊಬ್ಬರು ಕೊಟ್ಟದ್ದರಲ್ಲಿ ಒಂದನ್ನು ವಾಪಸು ಕೇಳಿದರು: “ಅದ್ ಗಟ್ಟಿ ಇತ್ತ್, ಒಣ್ಮೀನ್ ಕಟ್ಟಿಡುಕ್ ಆತ್ತ್.”

ಕಚೇರಿಯಲ್ಲಿ ಜಾಗ ಸಾಲದೆ ಆ ಪ್ಯಾಕೆಟುಗಳ ಚೀಲಗಳನ್ನು ಪ್ಯಾಕಿಂಗ್ ಹಾಲಿನಲ್ಲಿ, ಹೊಸ ಪ್ಯಾಕೆಟ್ ಇಡುವ ಕಪಾಟಿನ ಕೆಳಗೆ ಇಡಿಸಿದೆ. ಚೀಲದ ಮೇಲೆ ಏನೂ ಬರೆಯಲಿಲ್ಲ.

ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಕಂಪನಿ ಶುರುವಾದಾಗಿನಿಂದ ಅಲ್ಲಿದ್ದವರು. ಆ ಚೀಲಗಳಲ್ಲಿದ್ದ ಪ್ಯಾಕೆಟುಗಳ ಕತ್ತರಿಸಿದ ಬಾಯಿಗಳನ್ನು ಅವರು ಕತ್ತರಿಯಿಂದ ಸಮ ಮಾಡಿ, ಪುಡಿ ತುಂಬಿ, ಸೀಲ್ ಹಾಕಿ ಅಂಗಡಿಗಳಿಗೆ ಕಳಿಸಿಬಿಟ್ಟಿದ್ದರು.

ಬೈಂದೂರಿನ ದೂರು ಕೇಳಿದ ಧಣಿಗಳು ಪ್ಯಾಕಿಂಗ್ ಹಾಲಿನ ನಡುವೆ ನಿಂತು ಕೂಗಿದರು: “ಕಸದೊಳ್ಗೆ ಮಸಾಲೆ ತುಂಬ್ಸಿ ಮಾರುದಾ? ತಲಿ ಸಮ ಇತ್ತಾ ನಿಂಗೆ?”

“ತೊಳ್ದ್, ಒಣ್ಸಿ, ಮಡ್ಚಿ ಇಟ್ಟದ್ದ್ ಕಸ ಅಂದ್ರೆ ಹ್ಯಾಂಗ್ ನಂಬುದ್ ಧಣಿಗಳೇ?” ಎಂದರು ಅಕ್ಕ. “ನಮ್ ಹೊಸ ಪ್ಯಾಕೆಟಿಗಿಂತ ಅದೇ ಚೊಕ್ಕ ಇತ್ತಲೆ.”

ಯಾರೋ ನಕ್ಕರು. ನಗಬಾರದಿತ್ತು. “ನಾಳಿಂದ ನೀ ಬಪ್ಪುದ್ ಬ್ಯಾಡ,” ಎಂದು ಧಣಿಗಳು ಹೊರಟುಹೋದರು.

ಅಕ್ಕನ ವಯಸ್ಸಿನವರನ್ನು ಹೊಸದಾಗಿ ಕೆಲಸಕ್ಕೆ ಕರೆಯುವವರಿಲ್ಲ. ಅವರ ಮನೆ ನಡೆಯುತ್ತಿದ್ದದ್ದು ಈ ಕೆಲಸವೊಂದರಿಂದಲೇ. ನಾನು ಗೋಡೆಗೆ ಒರಗಿ, ಗಿಡ್ಡ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದೆ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತಾ ಅಕ್ಕ ನನ್ನ ಹತ್ತಿರ ಬಂದರು.

“ಆ ಚೀಲ ಅಲ್ಲ್ ಇಡ್ಸಿದ್ದ್ ಯಾರ್ ಅಂತ ನಂಗೊತ್ತಿತ್ತ್ ಹೆಣ್ಣೇ. ನಾ ಹೇಳುದಿಲ್ಲೆ. ನೀ ಹೆದ್ರಬೇಡ.”

ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಂದಿನದಕ್ಕಿಂತ ಮೊದಲಿನ ಬಸ್ಸು ಹಿಡಿದೆ. ಧಣಿಗಳು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ತಿರುಗುವವರೆಗೆ ಬಾಗಿಲಲ್ಲಿ ಕಾದೆ. ಚೀಲಗಳನ್ನು ಅಲ್ಲಿ ಇಡಿಸಿದವಳು ನಾನು, ಬರೆಯದೆ ಬಿಟ್ಟವಳೂ ನಾನು, ಕಳಿಸುವುದಾದರೆ ನನ್ನನ್ನು ಕಳಿಸಿ ಎಂದೆ. ಆಮೇಲೆ ನಮ್ಮದೇ ಪ್ಯಾಕೆಟ್ ಆಗಬೇಕಿಲ್ಲ ಎಂಬ ನಿಯಮದ ಆ ಸಾಲುಗಳನ್ನು ಎರಡನೇ ಸಲ, ದೊಡ್ಡದಾಗಿ ಓದಿದೆ.

“ಇದನ್ನ್ ಮೊದ್ಲೇ ಹೇಳುಕಾತಿಲ್ಯಾ?” ಎಂದರು ಧಣಿಗಳು.

ಹೇಳಿದ್ದೆ ಎನ್ನಲಿಲ್ಲ. ಅಕ್ಕನನ್ನು ಕರೆಸಲೇ ಎಂದು ಕೇಳಿದೆ; ತಲೆಯಾಡಿಸಿದರು. ಅವರೆದುರೇ ಅಕ್ಕನಿಗೆ ಫೋನ್ ಮಾಡಿ, ಒಂಬತ್ತರ ಬಸ್ಸಿಗೆ ಬನ್ನಿ ಎಂದೆ.