ಅಕ್ಕನ ಪಾಲಿನ ಸಾಲುಗಳು

ನನ್ನನ್ನು ಜನ ಹಾಡು ಕಟ್ಟುವವಳು ಎನ್ನುತ್ತಾರೆ. ವೇದಿಕೆಯ ಮೇಲೆ ಶಾಲು ಹೊದಿಸಿ, ಮೈಕಿನಲ್ಲಿ ನನ್ನ ಹೆಸರನ್ನು ತಪ್ಪಾಗಿ ಓದಿ, ಕೋಗಿಲೆ ಗೀಗಿಲೆ ಎಂದೆಲ್ಲ ಹೊಗಳಿದ್ದಾರೆ. ಅದರಲ್ಲಿ ಅರ್ಧ ಸುಳ್ಳು. ನಾನು ಕಟ್ಟಿದ್ದು ಅರ್ಧರ್ಧ ಹಾಡುಗಳನ್ನು. ಉಳಿದರ್ಧ ನನ್ನ ಓರಗಿತ್ತಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಅಕ್ಕ ಎಂದೇ ಕರೆಯುವುದು. ಅವಳಿಗೆ ಲಕ್ವ ಹೊಡೆದು ಮಾತು ಬಿದ್ದು ವರ್ಷದ ಮೇಲಾಯಿತು. ಅಲ್ಲಿಂದೀಚೆಗೆ ನಾನು ಒಂದು ಹಾಡನ್ನೂ ಪೂರ್ತಿ ಹಾಡಿಲ್ಲ.

ನಾನು ಮಾಲೂರು ಕಡೆಯವಳು. ವಿಗ್ರಹ ಕೆತ್ತುವ ಶಿವಾರಪಟ್ಟಣದ ಪಕ್ಕದ ಊರು. ಕಲ್ಲಿನ ಮೇಲೆ ಉಳಿ ಬೀಳುವ ಸದ್ದಿನಲ್ಲೇ ಬೆಳೆದೆ. ಅವಳು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನವಳು. ಇಬ್ಬರೂ ಶ್ರೀನಿವಾಸಪುರದ ಹತ್ತಿರ ಒಂದೇ ಮನೆಗೆ ಸೊಸೆಯರಾಗಿ ಬಂದೆವು, ಅವಳು ಮೊದಲು, ನಾನು ಆಮೇಲೆ. ನನಗೆ ತೆಲುಗು ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಅವಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಿಟ್ಟು ಬಂದರೆ, ನಗು ಬಂದರೆ, ಹಾಡು ಬಂದರೆ ತೆಲುಗೇ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ನಾನೊಂದು ಸಾಲು, ಅವಳು ಪಕ್ಕದ ಸಾಲು. ನಾನು ಏನೋ ಗುನುಗಿ, ಪ್ರಶ್ನೆ ಕೇಳಿದ ಹಾಗೆ ನಿಲ್ಲಿಸುತ್ತಿದ್ದೆ. ಅವಳು ಗಿಡದ ಮರೆಯಿಂದ ಅದೇ ರಾಗದಲ್ಲಿ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಮೊದಮೊದಲು ಅತ್ತೆಯನ್ನು ಆಡಿಕೊಳ್ಳುವುದಕ್ಕೆ ಮಾಡಿಕೊಂಡ ಉಪಾಯ ಅದು. ಆಮೇಲೆ ಅದೇ ನಮ್ಮ ಕಸುಬಾಯಿತು.

ಮದುವೆ ಮನೆಗಳಿಂದ ಸೋಬಾನೆಗೆ ಕರೆ ಬರತೊಡಗಿತು. ನಾನು ಕೇಳುವವಳು, ಅವಳು ಹೇಳುವವಳು. ನನ್ನ ಸಾಲುಗಳನ್ನು ಒಮ್ಮೆ ಕಟ್ಟಿದರೆ ಮುಗಿಯಿತು, ಒಂದಕ್ಷರವೂ ಆಚೀಚೆ ಆಗಕೂಡದು. ಅವಳದು ಆಯಾ ಮನೆಗೆ, ಆಯಾ ಹೊತ್ತಿಗೆ. ಮದುಮಗಳ ಮುಖ, ಅವಳಮ್ಮನ ಮುಖ, ಬೀಗರ ಜಂಬ ಎಲ್ಲ ನೋಡಿ ಅಲ್ಲೇ ಕಟ್ಟಿ ಅಲ್ಲೇ ಬಿಟ್ಟುಬಿಡುವಳು. ಒಂದು ಮನೆಯಲ್ಲಿ ಹೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳಿದವಳಲ್ಲ.

“ಒಬ್ಬಳು ಉಟ್ಟು ಬಿಟ್ಟ ಸೀರೇನ ಇನ್ನೊಬ್ಬಳ ಮದುವೇಗೆ ಉಡಿಸ್ತಾರೇನೇ?” ಎಂದು ನನ್ನನ್ನೇ ಬೈಯುತ್ತಿದ್ದಳು.

ಹೆಣ್ಣು ಒಪ್ಪಿಸುವ ಹೊತ್ತಿಗೆಂದು ನಾನೊಂದು ಹಾಡು ಕಟ್ಟಿದ್ದೆ. ಅದರ ಮೊದಲ ಸಾಲುಗಳು ಹೀಗೆ:

ಮಾವಿನ ತೋಪ ದಾಟಿ ನಡೆದಾಳೆ ಮಗಳು
ತಿರುಗೊಮ್ಮೆ ನೋಡಿದಳೇನೇ ಅಕ್ಕಾ?

ಒಂದು ಮನೆಯಲ್ಲಿ ಹೆಣ್ಣಿನ ತಾಯಿ ಕಣ್ಣಲ್ಲಿ ಒಂದು ಹನಿ ಇಲ್ಲದೆ ಕಲ್ಲಿನ ಹಾಗೆ ನಿಂತಿದ್ದಳು. ಅಕ್ಕ ಅವಳ ಕಡೆ ನೋಡಿಕೊಂಡೇ, “ತಿರಿಗಿ ಚೂಸ್ತೇ ಕಾಲು ಕದಲದಮ್ಮಾ” ಎಂದಳು. ತಿರುಗಿ ನೋಡಿದರೆ ಕಾಲು ಕದಲುವುದಿಲ್ಲಮ್ಮಾ ಎಂದು. ಆ ತಾಯಿ ಚಪ್ಪರದ ಗಳ ಹಿಡಿದುಕೊಂಡು ಕುಸಿದು ಅತ್ತಳು. ಇದೊಂದು ನನಗೆ ನೆನಪಿದೆ. ಇನ್ನೊಂದು ಮನೆಯಲ್ಲಿ ಹುಡುಗಿ ಗಂಡನ ಮನೆಗೆ ಹೋಗಲು ತುದಿಗಾಲಲ್ಲಿ ನಿಂತಿದ್ದಳು. ಅಲ್ಲಿ ಅದೇ ಪ್ರಶ್ನೆಗೆ ಅಕ್ಕ ಏನೋ ಹೇಳಿ ಇಡೀ ಚಪ್ಪರವನ್ನೇ ನಗಿಸಿದಳು. ಏನು ಹೇಳಿದಳು? ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡದ್ದು ನೆನಪಿದೆ. ಮಾತು ಮರೆತುಹೋಗಿದೆ.

ನಮ್ಮ ಹೆಸರು ಕೋಲಾರದವರೆಗೂ ಹೋಯಿತು. ಅಲ್ಲೊಂದು ದೊಡ್ಡ ಕಾರ್ಯಕ್ರಮಕ್ಕೆ ಕರೆದರು. ಇನ್ನೇನು ವೇದಿಕೆ ಹತ್ತಬೇಕು, ನಡೆಸುವವರೊಬ್ಬರು ಓಡಿಬಂದು, “ಅಮ್ಮಾ, ಇದು ಕನ್ನಡದ ಕಾರ್ಯಕ್ರಮ. ತೆಲುಗು ಬೇಡ. ಇವರು ನಿಮ್ಮ ಸಾಲನ್ನೇ ಹಿಂದಿಂದೆ ಹೇಳ್ಕೊಂಡು ಬರ್ಲಿ, ಸಾಕು” ಎಂದರು. ನನಗೆ ಮೈಯೆಲ್ಲ ಉರಿಯಿತು. ಪ್ರಶ್ನೆಗೆ ಪ್ರಶ್ನೆಯನ್ನೇ ಹಿಂದಿನಿಂದ ಹೇಳುವುದು ಯಾವ ಸೀಮೆಯ ಹಾಡು ಸ್ವಾಮಿ ಎಂದು ಕೇಳಿಯೂ ಕೇಳಿದೆ. ಅಕ್ಕ ನನ್ನ ಸೆರಗು ಎಳೆದಳು.

“ಬಿಡೇ, ಅವರತ್ರ ಯಾಕೆ ಜಗಳ. ನೀನು ಅಂದಿದ್ದನ್ನೇ ನಾನೂ ಅಂತೀನಿ. ನನ್ನ ಮಾತು ಮದುವೆ ಮನೇಗಿರ್ಲಿ.”

ಅಲ್ಲಿಂದ ಶುರುವಾಯಿತು. ಯಾವ ವೇದಿಕೆ ಹತ್ತಿದರೂ ಅವಳು ನನ್ನ ಸಾಲಿನ ಬಾಲವಾದಳು. ಬೆಂಗಳೂರಿಗೆ ಕರೆದು ಹಾಡು ರೆಕಾರ್ಡ್ ಮಾಡಿದವರೂ ಅದನ್ನೇ ಕೇಳಿದರು. ಆ ಸಿ.ಡಿ.ಯಲ್ಲಿ ಪ್ರತಿ ಪ್ರಶ್ನೆಯೂ ಎರಡೆರಡು ಸಲ ಬರುತ್ತದೆ, ಉತ್ತರ ಎಲ್ಲೂ ಇಲ್ಲ. ಕೇಳಿದ ಒಬ್ಬರಿಗಾದರೂ ಇಲ್ಲೇನೋ ಕಮ್ಮಿಯಾಗಿದೆ ಅನ್ನಿಸಬೇಕಿತ್ತು. ಯಾರಿಗೂ ಅನ್ನಿಸಲಿಲ್ಲ. ಚೆನ್ನಾಗಿದೆ ಚೆನ್ನಾಗಿದೆ ಎಂದರು. ಅದು ಈಗಲೂ ನನ್ನ ಹೊಟ್ಟೆ ಉರಿಸುತ್ತದೆ.

ವರ್ಷಗಳು ಹೀಗೆ ಹೋದವು. ಮದುವೆಗಳು ಊರಿಂದ ಕಲ್ಯಾಣ ಮಂಟಪಕ್ಕೆ ಹೋದವು, ಸೋಬಾನೆ ಹೇಳಿಸುವವರು ಕಡಿಮೆಯಾದರು, ವೇದಿಕೆಗಳು ಮಾತ್ರ ಉಳಿದವು. ಒಂದು ಬೆಳಿಗ್ಗೆ ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನೋಡಿಕೊಳ್ಳಲು ಸುಲಭವಾಗಲಿ ಎಂದು ಅವಳ ಮಗಳು ಮುಳಬಾಗಿಲಿನ ಹತ್ತಿರ ದೇವರಾಯಸಮುದ್ರದ ತನ್ನ ಮನೆಗೆ ಕರೆದುಕೊಂಡು ಹೋದಳು.

ಅಕ್ಕ ಮಗಳ ಮನೆಗೆ ಹೋದ ಮೇಲೆ ಹಾಡಲು ಕೂತೆ. ಸಾಲು ಕೇಳಿ ನಿಲ್ಲಿಸಿದರೆ ಮುಂದೆ ಏನೂ ಇಲ್ಲ. ಆಗ ನನಗೆ ಭಯ ಹುಟ್ಟಿತು. ಅವಳ ಸಾಲುಗಳನ್ನು ಹುಡುಕುತ್ತಾ ನಾವು ಹಾಡಿದ ಮನೆಗಳಿಗೆಲ್ಲ ಅಲೆದೆ. ಅಕ್ಕ ಏನಂದಿದ್ದಳು ನಿಮ್ಮ ಮದುವೆಯಲ್ಲಿ ಎಂದು ಕೇಳಿದರೆ, “ಏನೋ ಬಲೇ ಚೆನ್ನಾಗಿ ಅಂದಿದ್ರಮ್ಮ” ಎನ್ನುವವರೇ ಎಲ್ಲ. ಕೆಲವರು ಮದುವೆ ವೀಡಿಯೋ ಹಾಕಿ ತೋರಿಸಿದರು. ಅದರಲ್ಲಿ ನಾವಿಬ್ಬರೂ ಇದ್ದೇವೆ, ಅಕ್ಕನ ಬಾಯಿ ಆಡುತ್ತಿದೆ, ಮೇಲೆ ಸಿನಿಮಾ ಹಾಡು ಓಡುತ್ತಿದೆ. ವೀಡಿಯೋದವನು ನಮ್ಮ ಧ್ವನಿ ತೆಗೆದು ಅಂದಕ್ಕೆಂದು ಅದನ್ನು ಹಾಕಿದ್ದ. ಮನೆಯಿಂದ ಮನೆಗೆ ಅದೇ ಕಥೆ. ಅವಳ ತುಟಿ ನೋಡಿ ಮಾತು ಊಹಿಸಲು ಕೂತು ಕೂತು ಕಣ್ಣು ನೋಯಿಸಿಕೊಂಡೆ. ಸೋತೆ.

ಅಕ್ಕನನ್ನು ಮತ್ತೆ ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು. “ಮಾತು ಹೋದವರಿಗೂ ಕೆಲವು ಸಲ ಹಾಡು ಬರುತ್ತೆ. ಜೊತೇಲಿ ಹಾಡ್ತಿದ್ದವರು ಯಾರಾದ್ರೂ ಇದ್ರೆ ಹಾಡಿ ನೋಡ್ಲಿ.” ಮಗಳು ಫೋನು ಮಾಡಿ ಅದನ್ನು ಹೇಳಿದಳು. ಮಾರನೆಯ ದಿನವೇ ಮುಳಬಾಗಿಲಿನ ಬಸ್ಸು ಹತ್ತಿದೆ. ಅಕ್ಕನಿಗೆ ವಾಸಿಯಾಗಲಿ ಎಂದು ಹೋದೆ ಎಂದರೆ ಸುಳ್ಳಾಗುತ್ತದೆ. ಅವಳ ಸಾಲುಗಳು ಬೇಕಿತ್ತು ನನಗೆ. ಒಂದು ಹಾಡಾದರೂ ಸರಿ, ಸಾಯುವ ಮುಂಚೆ ಪೂರ್ತಿ ಕೇಳಬೇಕಿತ್ತು.

ಅಕ್ಕ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. “ಅದಿ, ಅದಿ” ಎಂದಳು, ಅದು ಅದು ಎಂದು ತೆಲುಗಿನಲ್ಲಿ.

“ಎಲ್ಲಾ ತಿಳ್ಕೊತಾಳೆ ಚಿಕ್ಕಮ್ಮ, ಬಾಯಿಗೆ ಅದೊಂದೇ ಬರೋದು” ಎಂದಳು ಮಗಳು, ರೆಕಾರ್ಡ್ ಮಾಡಿಕೊಳ್ಳಲು ಮೊಬೈಲು ಹಿಡಿದು ನಿಂತುಕೊಂಡು.

ನಾನು ಅಕ್ಕನ ಎಡಗೈ ಹಿಡಿದು ಹಾಡಿದೆ. ಮಾವಿನ ತೋಪ ದಾಟಿ ನಡೆದಾಳೆ ಮಗಳು, ತಿರುಗೊಮ್ಮೆ ನೋಡಿದಳೇನೇ ಅಕ್ಕಾ? ನಿಲ್ಲಿಸಿದೆ. ಅಕ್ಕನ ತುಟಿ ಅದುರಿತು. ಕತ್ತಿನ ನರ ಉಬ್ಬಿತು. ಆಮೇಲೆ ಅವಳದೇ ಧ್ವನಿ, ಒಂದಿಷ್ಟೂ ಒಡೆಯದೆ, ತೊದಲದೆ ಬಂತು.

ಮಾವಿನ ತೋಪ ದಾಟಿ ನಡೆದಾಳೆ ಮಗಳು
ತಿರುಗೊಮ್ಮೆ ನೋಡಿದಳೇನೇ ಅಕ್ಕಾ?

“ಅಮ್ಮ ಹಾಡಿದ್ಲು ಚಿಕ್ಕಮ್ಮಾ” ಎಂದು ಮಗಳು ಅಳತೊಡಗಿದಳು.

ನಾನು ಇನ್ನೊಂದು ಹಾಡು ತೆಗೆದೆ, ಮತ್ತೊಂದು ತೆಗೆದೆ. ನನ್ನ ಒಂದೊಂದು ಸಾಲನ್ನೂ ಅಕ್ಷರ ಬಿಡದೆ ನನಗೇ ವಾಪಸು ಕೊಟ್ಟಳು. ಕೊನೆಗೆ ನನ್ನ ಕೆಟ್ಟ ತೆಲುಗಿನಲ್ಲಿ “ತಿರಿಗಿ ಚೂಸ್ತೇ” ಎಂದು ನಾನೇ ಎತ್ತಿಕೊಟ್ಟೆ. ಅವಳು ಹೊಸ ಹಾಡು ಕೇಳುವವಳಂತೆ ನನ್ನ ಬಾಯಿಯನ್ನೇ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ಒಂದೇ ಸಲ ಹೇಳಿ ಬಿಟ್ಟ ಮಾತು ಯಾರಲ್ಲಿ ತಾನೇ ಉಳಿಯುತ್ತದೆ? ವೇದಿಕೆಯಿಂದ ವೇದಿಕೆಗೆ ಹೇಳಿಸಿ ಹೇಳಿಸಿ ಅವಳೊಳಗೆ ಗಟ್ಟಿಯಾಗಿ ಕೂತದ್ದು ನನ್ನ ಮಾತು. ನನ್ನ ಅರ್ಧ ಇಬ್ಬರಲ್ಲೂ ಇದೆ, ಅವಳ ಅರ್ಧ ಎಲ್ಲಿಯೂ ಇಲ್ಲ. ಅದು ಗೊತ್ತಾದಾಗ ನನಗೆ ಅಳು ಕೂಡ ಬರಲಿಲ್ಲ.

ಅಕ್ಕನಿಗೆ ಮಾತ್ರ ಖುಷಿ. ನಾನು ಕೇಳದಿದ್ದರೂ ತಾನಾಗಿ ಮತ್ತೆ ಶುರುಮಾಡಿದಳು. ತಿರುಗೊಮ್ಮೆ ನೋಡಿದಳೇನೇ ಅಕ್ಕಾ ಎಂದು ಹಾಡಿ ನಿಲ್ಲಿಸಿ, ಈಗ ನಿನ್ನ ಸರದಿ ಎನ್ನುವಂತೆ ನನ್ನ ಮುಖ ನೋಡುತ್ತಾ ಕಾದಳು. ನಾನು ಬಾಯಿ ತೆರೆದೆ. ಕನ್ನಡದಲ್ಲೂ ಬರಲಿಲ್ಲ, ತೆಲುಗಿನಲ್ಲೂ ಬರಲಿಲ್ಲ.