ಕೆಂಚಿಯ ಬಾಣಂತನ

ವಿಜಾಪುರದ ಕೋಟೆಗೋಡೆಗೆ ಬೆನ್ನು ಹಚ್ಚಿ ಕೂತಿದ್ದ ಆ ಓಣಿಯಲ್ಲಿ ಹಾಲು ಮಾರುವ ಗುರುಬಾಯಿಯ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾಯಿಗಳು ಎಲ್ಲಿ ಹೆಚ್ಚು ಬೊಗಳುತ್ತಿದ್ದವೋ ಅತ್ತ ನಡೆದರೆ ಸಾಕಿತ್ತು. ಎರಡು ಎಮ್ಮೆ, ಬಾಡಿಗೆ ಗಾಡಿ ಹೊಡೆಯುವ ಗಂಡ ಖಂಡಪ್ಪ, ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ಒಬ್ಬ ಮಗ, ಇಷ್ಟೇ ಅವಳ ಸಂಸಾರವೆಂದು ಓಣಿಯವರು ಹೇಳುತ್ತಿದ್ದರು. ಅವಳನ್ನೇ ಕೇಳಿದ್ದರೆ ಲೆಕ್ಕ ಬೇರೆಯೇ ಬರುತ್ತಿತ್ತು.

ಕೋಟೆಯ ಕಂದಕದಲ್ಲಿ ಜನ ಬೇಡವಾದದ್ದನ್ನೆಲ್ಲ ಚೆಲ್ಲುತ್ತಿದ್ದರು. ಒಡೆದ ಗಡಿಗೆ, ಹರಿದ ಕೌದಿ, ಅದರ ಜೊತೆಗೆ ಇನ್ನೂ ಕಣ್ಣು ಬಿಡದ ಹೆಣ್ಣು ನಾಯಿಮರಿಗಳು. ಗಂಡಾದರೆ ಹೊಲಕ್ಕೋ ಕುರಿಹಟ್ಟಿಗೋ ಯಾರಾದರೂ ಒಯ್ಯುತ್ತಿದ್ದರು. ಹೆಣ್ಣು ಯಾರಿಗೆ ಬೇಕು? ವರ್ಷ ವರ್ಷ ಈಯುತ್ತದೆ, ಅದರ ಮರಿಗಳ ಗೋಳು ಯಾರು ಹೊತ್ತುಕೊಳ್ಳಬೇಕು ಎನ್ನುವುದು ಊರಿನ ನ್ಯಾಯ. ಆ ನ್ಯಾಯ ಹೇಳುವವರ ಮನೆಯಲ್ಲೂ ಹೆಣ್ಣುಮಕ್ಕಳು ಆಡಿಕೊಂಡಿದ್ದರು, ಅದು ಬೇರೆ ಮಾತು. ಗುರುಬಾಯಿ ಮುಂಜಾನೆ ವರ್ತನೆಯ ಹಾಲು ಕೊಟ್ಟು ಬರುವಾಗ ಕಂದಕದ ಕಡೆ ಒಂದು ಕಿವಿ ಇಟ್ಟಿರುತ್ತಿದ್ದಳು. ಕುಂಯ್ ಎಂದು ಕೇಳಿದರೆ ಇಳಿದಳೇ, ಉಡಿಯಲ್ಲಿ ಹಾಕಿಕೊಂಡು ಮನೆಗೆ ಬಂದಳೇ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಜೋಳಕ್ಕೂ ರೇಷನ್ ಬಂದು ಜನ ಸರದಿಯಲ್ಲಿ ನಿಂತು ಸೋಲುತ್ತಿದ್ದರು. “ಮನಶ್ಯಾರಿಗೇ ನುಚ್ಚು ಸಿಗವಲ್ದು, ಈಕಿ ನಾಯಿಗಿ ಮಜ್ಜಿಗಿ ಕುಡಸತಾಳ,” ಎಂದು ನೆರೆಮನೆಯ ಸುಗರಾಬಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಹೇಳಿ, ತಮ್ಮ ಮನೆಯ ಸೀದ ರೊಟ್ಟಿ ತಂದು ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಖಂಡಪ್ಪನದೂ ಅದೇ ರೀತಿ. ಪ್ರತಿ ಮರಿ ಬಂದಾಗಲೂ, “ಇದ ಕಡೀದು ನೋಡು, ಇನ್ನ ತಂದಿ ಅಂದ್ರ ನಾನ ಕಂದಕಕ್ಕ ಹೋಗಿ ಕೂಡತೇನಿ,” ಎಂದು ಗುಡುಗುವುದು. ಆಮೇಲೆ ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಹಿಡಿಯುವವನೂ ಅವನೇ.

ಆದರೆ ಎಲ್ಲವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಬೇಸಿಗೆಯಲ್ಲಿ ಮುನ್ಸಿಪಾಲಿಟಿಯವರು ಧಣಿಯಿಲ್ಲದ ನಾಯಿಗಳಿಗೆ ವಿಷದ ಉಂಡಿ ಹಾಕುತ್ತಿದ್ದರು. ಒಂದೊಂದಕ್ಕೂ ಒಂದು ಮನೆ ಹುಡುಕಲೇಬೇಕಿತ್ತು. ಹೀಗಾಗಿ ಗುರುಬಾಯಿ ಒಮ್ಮೆ ಬಬಲೇಶ್ವರದ ಸಂತೆಗೆ ಮರಿಯೊಂದನ್ನು ಒಯ್ದು ಕುರಿಗಾರ ಶಿವಯೋಗೆಪ್ಪನ ಮುಂದೆ ಹಿಡಿದಳು. ಅವನು ಬಾಲ ಎತ್ತಿ ನೋಡಿ, “ಹೆಣ್ಣೈತಿ, ಒಲ್ಲೆ ಬೇ,” ಎಂದ.

“ಹೆಣ್ಣ ಅದಾಳಂತ ನಿಮ್ಮ ಮನಿಗಿ ಸೊಸಿ ತಂದಿಲ್ಲೇನ್ರಿ? ಬಸುರಾದ್ರ ತವರಮನಿಗಿ ಕಳಸ್ರಿ. ಬಾಣೆಂತನ ನಾ ಮಾಡತೇನಿ. ಮರೀನೂ ನಾನ ದಾರಿಗಿ ಹಚ್ಚತೇನಿ. ನಿಮ್ಮ ಸೊಸಿ ನಿಮಗ ಹೊಳ್ಳಿ ಬರತಾಳ.”

ಸಂತೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು ಮುಗಿದ ಮೇಲೆ ಶಿವಯೋಗೆಪ್ಪನಿಗೆ ಬೇಡವೆನ್ನಲು ನೆಪ ಉಳಿದಿರಲಿಲ್ಲ. ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ.

ಅಂದಿನಿಂದ ಅದೇ ಪದ್ಧತಿಯಾಯಿತು. ಮೊದಲು ಮನೆ ನೋಡಲು ಗುರುಬಾಯಿ ತಾನೇ ಹೋಗುವಳು. ನೆರಳು ಐತೋ ಇಲ್ಲೋ, ತುತ್ತು ಹಾಕುವವರ ಕೈ ಎಂಥದು, ಎಲ್ಲ ವಿಚಾರಿಸುವಳು. ಒಪ್ಪಿಗೆಯಾದರೆ ನಾಯಿಯ ಹಣೆಗೆ ಕುಂಕುಮ ಹಚ್ಚಿ, ಒಯ್ಯುವವರ ಕೈಗೆ ಬೆಲ್ಲ ಕೊಟ್ಟು ಕಳಿಸುವಳು. ದಿನ ತುಂಬಿದಾಗ ಖಂಡಪ್ಪನ ಗಾಡಿ ಹೋಗಿ ಕರೆತರುವುದು. ನಾಯಿಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬರುವಾಗ ಅವನು ತಲೆಯ ರುಮಾಲನ್ನು ಕಣ್ಣತನಕ ಎಳೆದುಕೊಳ್ಳುತ್ತಿದ್ದ.

ಇದು ಹುಚ್ಚಾಟವೆಂದು ನಕ್ಕವರಿಗೆ ಗುರುಬಾಯಿಯ ಒಳಗಿನದು ಗೊತ್ತಿರಲಿಲ್ಲ. ಅವಳ ತವರು ತೊರವಿ. ತಾಯಿ ಸತ್ತ ಮನೆ. ಚೊಚ್ಚಲಿಗೆ ಅವಳನ್ನು ಕರೆಯಲು ಅಲ್ಲಿಂದ ಯಾರೂ ಬರಲಿಲ್ಲ. ದಿನವಿಡೀ ಹೊಸ್ತಿಲಲ್ಲಿ ಕೂತು ತೊರವಿಯ ದಾರಿ ನೋಡಿದ್ದಳು. ಮಗು ದನದ ಕೊಟ್ಟಿಗೆಯಲ್ಲೇ ಹುಟ್ಟಿತು, ಉಳಿಯಲಿಲ್ಲ. ಆಮೇಲೆ ಮಗ ಹುಟ್ಟಿ, ಬೆಳೆದು, ದುಡಿಯಲು ಹೋದರೂ ಆ ದಾರಿ ನೋಡಿದ ಸಂಕಟ ಹೋಗಿರಲಿಲ್ಲ. ಕರೆಯುವವರಿಲ್ಲದ ಹೆಣ್ಣು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು, ನಾಯಿಯಾದರೇನು.

ಹೀಗೆ ಕೊಟ್ಟ ಹೆಣ್ಣುಗಳಲ್ಲಿ ಅವಳ ಜೀವಕ್ಕೆ ಅಂಟಿದವಳು ಕೆಂಚಿ. ಕಾಗೆ ಕುಕ್ಕಿ ಒಂದು ಕಿವಿ ಹರಿದಿತ್ತು. ಎರಡು ಮಳೆಗಾಲ ಕೊಡದೆ ಇಟ್ಟುಕೊಂಡಳು. ಕೊನೆಗೆ ತಿಕೋಟಾದ ಅಮರಪ್ಪ ತನ್ನ ಬಾವಿಯ ತೋಟ ಕಾಯಲು ಬೇಕೆಂದ. ಮನೆ ನೋಡಲು ಹೋದಾಗ ಅವನ ತಾಯಿ ಕಾಳವ್ವ ಕೂತಲ್ಲಿಂದ ಏಳದೆ, “ನಾಯಿ ನನ್ನ ಕಟ್ಟಿ ಏರಬಾರದು ನೋಡು,” ಎಂದಳು. ಗುರುಬಾಯಿಗೆ ಆ ಮಾತು ಸೇರಲಿಲ್ಲ. ಆದರೆ ಕೆಂಚಿ ಆಗಲೇ ತೋಟದೊಳಗೆ ಹೋಗಿ ನಿಂಬೆಗಿಡದ ತಂಪಿನಲ್ಲಿ ಕಾಲು ಚಾಚಿ ಮಲಗಿಬಿಟ್ಟಿದ್ದಳು. ಕೊಡದೆ ಏನು ಮಾಡುವುದು?

ಮುಂದಿನ ವರ್ಷ ತಿಕೋಟಾದಿಂದ ಮಾತು ಬಂತು. ಕೆಂಚಿಗೆ ದಿನ ತುಂಬುತ್ತಾ ಬಂದಿವೆ, ಒಯ್ಯಿರಿ ಎಂದು. ಅದೇ ವಾರ ಎಮ್ಮೆ ಒದ್ದು ಗುರುಬಾಯಿಯ ಕಾಲು ಮುರಿದಿತ್ತು. ಮೂಳೆ ಕೂಡಿಸುವ ಮಶಾಕಸಾಬ ಬಂದು ಬಿದಿರಿನ ದಬ್ಬೆ ಕಟ್ಟಿ, ಅಲುಗಾಡಿದರೆ ಕಾಲು ಸೊಟ್ಟಗಾಗುತ್ತದೆ ಎಂದು ಹೆದರಿಸಿ ಹೋದ. ಹಾಲು ಕರೆಯುವುದು, ರೊಟ್ಟಿ ಬಡಿಯುವುದು, ಎಲ್ಲ ಖಂಡಪ್ಪನ ಪಾಲಿಗೆ ಬಂತು. ಅವನು ಬಡಿದ ರೊಟ್ಟಿಯನ್ನು ನಾಯಿಗಳೂ ಮೂಸಿ ನೋಡಿ ಹಿಂದೆ ಸರಿದವು. ಗುರುಬಾಯಿ ತಿಕೋಟಾಕ್ಕೆ ಹೇಳಿ ಕಳಿಸಿದಳು, ಸ್ವಲ್ಪ ತಡೆಯಿರಿ ಎಂದು. ನಿಂಬೆಹಣ್ಣು ಮಾರಲು ಬಂದವರ ಕೈಯಲ್ಲಿ ಅಮರಪ್ಪನ ಉತ್ತರ ಬಂತು:

“ಮಾತು ಕೊಟ್ಟಾಕಿ ಆಕಿ. ಬಂದು ಒಯ್ಯಲಿ. ಇಲ್ಲಂದ್ರ ಗಾಡ್ಯಾಗ ಹಾಕ್ಕೊಂಡು ಹೋಗಿ ಎಲ್ಲೆರ ಬಿಟ್ಟ ಬರತೇನಿ.”

ಗುರುಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಖಂಡಪ್ಪ ಅವಳನ್ನು ಸುಗರಾಬಿಯ ಸುಪರ್ದಿಗೆ ಒಪ್ಪಿಸಿ ಗಾಡಿ ಹೂಡಿದ. ಸಂಜೆಗೆ ಬರಿಗಾಡಿ ತಿರುಗಿ ಬಂತು.

“ಬಾಗಲದಾಗ ಆ ಮುದುಕಿ ನಿಂತಿದ್ಲು. ನಾಯಿ ಇಲ್ಲಪಾ, ಹೋಗು ಅಂದ್ಲು. ಒಳಗ ಕರೀಲಿಲ್ಲ. ತ್ವಾಟದಾಗೂ ನೋಡಿದ್ನಿ,” ಎಂದ.

ಅಲ್ಲಿಂದ ಗುರುಬಾಯಿಗೆ ಅನ್ನ ರುಚಿಸಲಿಲ್ಲ. ಅಮರಪ್ಪನನ್ನು ಬೈದಳು, ಎಮ್ಮೆಯನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡಳು. ಬಸುರಿ ನಾಯಿ ಯಾವ ಹಾಳುಬಾವಿಯ ದಂಡೆಯಲ್ಲಿ ತನ್ನ ದಾರಿ ನೋಡುತ್ತಾ ಕೂತಿತ್ತೋ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ದಬ್ಬೆ ಬಿಚ್ಚಿದ್ದೇ ತಡ, ಕೋಲು ಊರಿಕೊಂಡು ಗಾಡಿ ಏರಿದಳು. ಜಗಳ ಮಾಡಲೆಂದೇ ಹೊರಟಿದ್ದಳು. ಕೆಂಚಿ ಎಲ್ಲಾದರೂ ಜೀವಂತ ಇದ್ದರೆ ಮನೆಗೆ ತಂದು, ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಗಟ್ಟಿಮಾಡಿಕೊಂಡಿದ್ದಳು.

ಅಮರಪ್ಪನ ಬಾಗಿಲಲ್ಲಿ ಗಾಡಿ ನಿಂತಿತು. ಗುರುಬಾಯಿ ಇಳಿಯುವ ಮೊದಲೇ ಬಾಯಿ ತೆರೆದಳು. “ಎಲ್ಲಿ ಬಿಟ್ಟ ಬಂದೀರಿ ನನ್ನ ಮಗಳನ್ನ?”

ಕಾಳವ್ವ ಒಳಗಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಒದರಬ್ಯಾಡ, ಮಕ್ಕಳು ಮಲಗ್ಯಾವು,” ಎಂದಳು.

ಯಾವ ಮಕ್ಕಳೆಂದು ಗುರುಬಾಯಿಗೆ ಹೊಳೆಯಲಿಲ್ಲ. ಕಾಳವ್ವ ಅವಳ ರೆಟ್ಟೆ ಹಿಡಿದು ಪಡಸಾಲೆ ದಾಟಿಸಿ, ಒಳಗಿನ ಕತ್ತಲೆಕೋಣೆಯ ಬಾಗಿಲಿಗೆ ತೂಗಿದ್ದ ಕೌದಿಯನ್ನು ಸರಿಸಿದಳು. ಗೋಣಿಯ ಹಾಸಿಗೆ, ಮೂಲೆಯಲ್ಲಿ ಬೆಚ್ಚಗೆ ಕೆಂಡದ ಅಗ್ಗಿಷ್ಟಿಗೆ. ಅದರ ಪಕ್ಕ ಕೆಂಚಿ ಮಲಗಿದ್ದಳು, ಹೊಟ್ಟೆಗೆ ಐದು ಮರಿ ಅಂಟಿಕೊಂಡಿದ್ದವು. ಗುರುಬಾಯಿಯನ್ನು ಕಂಡು ಏಳಲು ಹೋದಳು. ಮರಿಗಳು ಕಿರುಗುಟ್ಟಿದವು, ಮತ್ತೆ ಮಲಗಿ ಬಾಲದಿಂದ ನೆಲ ಬಡಿಯತೊಡಗಿದಳು.

“ನನ್ನ ಮಗ ಖರೇನ ಗಾಡ್ಯಾಗ ಕಟ್ಟಿದ್ದ,” ಎಂದಳು ಕಾಳವ್ವ. “ನಾ ಇಳಿಸಿದ್ನಿ. ತವರಮನ್ಯಾರು ಬರಲಿಲ್ಲಂತ ಬಸುರಿನ್ನ ಹೊರಗ ಹಾಕೂ ಮನಿ ಅನ್ನಿಸಿಕೊಳ್ಳೂದೇನು ನಾವು? ನಿನ್ನ ಗಂಡ ಬಂದದ್ದು ಹಡದ ಮರುದಿನ. ಹಸಿ ಬಾಣೆಂತಿನ್ನ ಗಾಡ್ಯಾಗ ಕುಲುಕಿಸಿಕೋತ ಒಯ್ಯತಾನಂತ ಸುಳ್ಳ ಹೇಳಿದ್ನಿ. ಬೈಯೂದಿದ್ರ ಬೈ, ಬೀಗತಿ.”

ಬೈಯಲು ಬಂದವಳು ಅಲ್ಲೇ ಕುಸಿದು ಕೂತು ಅತ್ತಳು. ಕಾಳವ್ವ ಸಮಾಧಾನ ಮಾಡಲಿಲ್ಲ. ಬಾಣಂತಿಗೆಂದು ಕಾಸಿದ್ದ ನುಚ್ಚಿನ ಗಂಜಿಯಲ್ಲಿ ಅವಳಿಗೂ ಒಂದು ಬಟ್ಟಲು ಬೆಲ್ಲ ಹಾಕಿ ಕೊಟ್ಟಳು. ಅಷ್ಟರಲ್ಲಿ ಹೊಲದಿಂದ ಬಂದ ಅಮರಪ್ಪ ಬೀಗತಿಯನ್ನು ಕಂಡು ಕಂಬದ ಹಿಂದೆ ನಿಂತ. “ಅವ್ವ ನನ್ನ ಕೂಡ ಮಾತ ಬಿಟ್ಟಾಳ್ರಿ,” ಎಂದು ಮೆಲ್ಲಗೆ ಹೇಳಿದ.

ಊಟವಾಯಿತು. ಹೊತ್ತು ಇಳಿಯಿತು. ಖಂಡಪ್ಪ ಗಾಡಿಯಲ್ಲಿ ಹುಲ್ಲು ಹಾಸಿ, ಗೋಣಿ ಹಾಕಿ, ತಾಯಿಗೂ ಮರಿಗಳಿಗೂ ಜಾಗ ಮಾಡಿದ್ದ. ಅದನ್ನು ಕಂಡು ಕಾಳವ್ವನ ಮುಖ ಸಣ್ಣದಾಯಿತು. “ಒಯ್ಯತೀಯೇನು?” ಎಂದಷ್ಟೇ ಕೇಳಿದಳು.

ಗುರುಬಾಯಿ ಗಾಡಿ ಏರಿ ಕೂತಳು. ಬೇಕೆಂದರೆ ಒಯ್ಯಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಕೆಂಚಿ ಒಳಗಿಂದ ಎದ್ದು ಬಂದು ಗಾಡಿಯ ಪಕ್ಕ ನಿಂತು ಅವಳ ಇಳಿಬಿಟ್ಟ ಕಾಲು ನೆಕ್ಕಿದಳು, ಮುರಿದು ಕೂಡಿದ್ದ ಕಾಲನ್ನೇ. “ನಡ್ರಿ,” ಎಂದಳು ಗುರುಬಾಯಿ ಗಂಡನಿಗೆ. ಎತ್ತುಗಳು ನಡೆದವು. ಕೆಂಚಿ ಗಾಡಿಯ ಹಿಂದೆಯೇ ತೋಟದ ಬೇಲಿಯವರೆಗೆ ಓಡಿ ಬಂದಳು. ಅಲ್ಲಿ ನಿಂತಳು. ಮುಂದೆ ಗುರುಬಾಯಿ, ಹಿಂದೆ ಮನೆಯಲ್ಲಿ ಮರಿಗಳ ದನಿ. ಒಂದು ಗಳಿಗೆ ಇತ್ತ ನೋಡಿದಳು, ಅತ್ತ ನೋಡಿದಳು. ಆಮೇಲೆ ತಿರುಗಿ ಓಡಿದಳು. ದೂರದಿಂದ ಗುರುಬಾಯಿ ನೋಡುತ್ತಲೇ ಇದ್ದಳು. ಕೆಂಚಿ ಕಾಳವ್ವನ ಕಟ್ಟೆಯನ್ನು ಒಂದೇ ಜಿಗಿತಕ್ಕೆ ಏರಿ ಒಳಗೆ ಹೋದಳು. ಕಾಳವ್ವ ಅವಳ ಹಿಂದೆಯೇ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

“ಕರೀಬೇಕಿತ್ತಿಲ್ಲ?” ಎಂದ ಖಂಡಪ್ಪ, ಎತ್ತುಗಳನ್ನು ನಿಧಾನ ಮಾಡಿ.

“ಆಕಿ ಮನಿಗಿ ಆಕಿ ಹೋದ್ಲು,” ಎಂದಳು ಗುರುಬಾಯಿ. ಸೆರಗಿನಿಂದ ಮುಖ ಒರೆಸಿಕೊಂಡು ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು.